ಅನ್ನದ ಪಾತ್ರೆಯ ಮೇಲೆ ಡಮಾಮಿ

ಟೈರಿನ ತೂತಿಗೆ ಗುರುತು ಹಾಕುವ ಸೀಮೆಸುಣ್ಣವನ್ನು ಅವನು ಕೂದಲಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದ. ಗುಂಗುರು ಕೂದಲು, ಎಷ್ಟು ಬಗ್ಗಿದರೂ ಸುಣ್ಣ ಬೀಳುತ್ತಿರಲಿಲ್ಲ. ಕುವೈತಿನ ಶುವೈಖಿನಲ್ಲಿದ್ದ ಅವನ ಗ್ಯಾರೇಜಿಗೆ ಬಂದವರೆಲ್ಲ ಅವನನ್ನು ಸುಡಾನಿನವನೆಂದು ತಿಳಿದು ಅರಬ್ಬಿಯಲ್ಲಿ ಮಾತಾಡಿಸುತ್ತಿದ್ದರು. ಕನ್ನಡದವರು ಇಂಗ್ಲಿಷಿನಲ್ಲಿ. ಅವನು ಎಲ್ಲರಿಗೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ.

ನಾನು ಅಬ್ಬಾಸಿಯಾದಲ್ಲಿ ಮಂಗಳೂರಿನ ಕ್ರಿಶ್ಚಿಯನ್ನರ ಮನೆಯಲ್ಲಿ ಅಡುಗೆಯವಳು. ಮೂವತ್ತು ವರ್ಷವಾಯಿತು. ಅವರ ಕಾರಿನ ಟೈರು ಹಾಳಾದ ದಿನ ನಾನೂ ಕಾರಿನಲ್ಲಿದ್ದೆ. ಅವನು ನನ್ನನ್ನೇ ನೋಡಿ, ಹಳಿಯಾಳದ ಕಡೆಯವರಾ ಎಂದು ಕೇಳಿದ. ಅಲ್ಲ, ಮಂಗಳೂರು ಎಂದೆ.

"ದೊಡ್ಡಮ್ಮ, ಊರು ಮುಚ್ಚಿಡಬಹುದು. ಮುಖ ಎಲ್ಲಿ ಮುಚ್ಚಿಡ್ತೀರಿ?" ಎಂದ.

ನಾವಿಬ್ಬರೂ ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರಂತೆ. ತಪ್ಪಿಸಿಕೊಂಡವರು ಕಾಡು ಸೇರಿದರು. ಆಫ್ರಿಕಾದ ಮಾತು ಹೋಯಿತು. ಉಳಿದದ್ದು ನಮ್ಮದೇ ಒಂದು ಕೊಂಕಣಿ, ಮತ್ತು ಡಮಾಮಿ ಎಂಬ ಚರ್ಮವಾದ್ಯ; ಅದರ ಹಾಡು ಕುಣಿತಕ್ಕೂ ಅದೇ ಹೆಸರು. ಅವನು ಇವೆರಡನ್ನೂ ರ್ಯಾಪಿಗೆ ಹಾಕುತ್ತಿದ್ದ. ಗ್ಯಾರೇಜಿನ ಹಳೆ ವ್ಯಾನಿನ ಗಾಜು ಏರಿಸಿ, ಸದ್ದಾಗುತ್ತದೆಂದು ಎಸಿ ಆರಿಸಿ, ಫೋನಿಗೆ ಹಾಡುತ್ತಿದ್ದ. ಹೊರಗೆ ಬಂದರೆ ಅಂಗಿ ಹಿಂಡಬಹುದಿತ್ತು. ಹುಚ್ಚ.

ಊರಿನಲ್ಲಿ ಅವನ ಅಜ್ಜಿ ಇದ್ದಳು. ಅವಳು ಒಪ್ಪಿದರೆ ಮಾತ್ರ ಹಾಡು ಹೊರಗೆ ಬಿಡುತ್ತಿದ್ದ. ಹಾಸ್ಟೆಲಿನಲ್ಲಿ ಓದಿದವನಿಗೆ ನಮ್ಮ ಮಾತು ಅರ್ಧ ಮರೆತಿತ್ತು. ಅದಕ್ಕೆ ಶುಕ್ರವಾರ ನನ್ನ ಅಡುಗೆಮನೆಗೆ ಬಂದು ಹಳೆ ಹಾಡು ಕೇಳುತ್ತಿದ್ದ. ಹೇಳಿಕೊಟ್ಟೆ. ಹಾಡಿ ಫೋನಿನಲ್ಲಿ ಊರಿಗೆ ಕಳಿಸಿದ. ಅಜ್ಜಿ, ಇದು ಯಾವ ಒಡೆಯರ ಮನೆಯ ಮಾತು ಎಂದು ಕೇಳಿದಳಂತೆ.

ತಪ್ಪು ನನ್ನದು. ಬಂದ ಹೊಸದರಲ್ಲಿ ನನ್ನ ಕೊಂಕಣಿ ಕೇಳಿ ಈ ಮನೆಯ ಮಕ್ಕಳು ನಗುತ್ತಿದ್ದರು. ನಾನು ಅವರ ಮಂಗಳೂರಿನ ಕೊಂಕಣಿಯನ್ನೇ ಆಡಲು ಕಲಿತೆ. ಎಷ್ಟು ಕಲಿತೆನೆಂದರೆ, ಅವ್ವನ ಹಾಡನ್ನೂ ಅವರ ಮಾತಿನಲ್ಲೇ ಹೇಳಿಕೊಟ್ಟಿದ್ದೆ. ನನಗೇ ಗೊತ್ತಾಗಿರಲಿಲ್ಲ. ಸಿಟ್ಟು ಬಂತು. ನಿನ್ನ ಅಜ್ಜಿಯ ಹತ್ತಿರವೇ ಹಾಡಿಸಿಕೋ ಎಂದೆ.

"ಅಜ್ಜಿಗೆ ಕಿವಿ ಐತಿ, ಹಲ್ಲಿಲ್ಲ. ನೀವೇ ಗತಿ," ಎಂದವನು ಅನ್ನದ ಪಾತ್ರೆ ಬೋರಲು ಹಾಕಿ ಡಮಾಮಿಯ ಹಾಗೆ ಬಾರಿಸತೊಡಗಿದ. "ಹಾಡಬ್ಯಾಡ್ರಿ. ನನ್ನ ಬೈರಿ."

ಡಮಾಮಿಯಲ್ಲಿ ಅದು ಇದ್ದದ್ದೇ. ಒಬ್ಬಳು ಕಿಚಾಯಿಸಿ ಒಂದು ಸಾಲು ಎಸೆದರೆ ಎದುರಿನವರು ತಿರುಗಿ ಎಸೆಯಬೇಕು. ನಾನು ಅವನ ಮೈಯ ರಬ್ಬರು ನಾತವನ್ನು, ಹೆಣ್ಣು ಸಿಗದ ಅವನ ಹಣೆಬರಹವನ್ನು ಬೈದೆ. ಬಾಯಿಗೆ ಬಂದದ್ದು ಅವ್ವನ ಮಾತು. ಅವನು ತಡವರಿಸುತ್ತಲೇ ನನ್ನ ಮಂಗಳೂರಿನ ಸೋಗನ್ನು ಬೈದ. ಒಲೆಯ ಮೇಲಿನ ಸಾರು ಸೀದಿತು. ಮನೆಯೊಡತಿ ಬಂದು ಬಾಗಿಲಲ್ಲಿ ನಿಂತರೂ ನಾನು ನಿಲ್ಲಿಸಲಿಲ್ಲ.

ಅವನು ಅದನ್ನೆಲ್ಲ ಫೋನಿನಲ್ಲಿ ಹಿಡಿದು ಅಜ್ಜಿಗೆ ಕಳಿಸಿದ. ಅವಳು ಹಲ್ಲಿಲ್ಲದ ಬಾಯಲ್ಲೇ ನನಗೆ ತಿರುಗಿ ಒಂದು ಬೈಗುಳ ಕಳಿಸಿದಳು. ಅವನು ಅದನ್ನೂ ಹಾಡಿಗೆ ಸೇರಿಸಿದ.

ಹೋದ ಬೇಸಿಗೆಯಲ್ಲಿ ಎದೆನೋವು ಬಂದು ಕೋಣೆಯಲ್ಲೇ ಸತ್ತ. ನಲವತ್ತೂ ಆಗಿರಲಿಲ್ಲ. ಹೆಣದ ಪೆಟ್ಟಿಗೆ ವಿಮಾನದಲ್ಲಿ ಊರಿಗೆ ಹೋಯಿತು. ನಾನು ನೋಡಲು ಹೋಗಲಿಲ್ಲ. ಮನೆಗೆ ನೆಂಟರು ಬಂದಿದ್ದರು, ಅಡುಗೆ ಇತ್ತು.

ಆ ಹಾಡಿಗೆ ಈಗ ಊರಿನಲ್ಲಿ ಹುಡುಗಿಯರು ಕುಣಿಯುತ್ತಾರಂತೆ. ಕುಣಿಯಲಿ. ನಾನು ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ಒಂದು ಸಾಲು ಎಸೆಯುತ್ತೇನೆ. ಮಾತು ಸರಿಯಾಗಿಯೇ ಬರುತ್ತದೆ, ಅದು ಅವನ ಋಣ. ಆಮೇಲೆ ಸುಮ್ಮನೆ ಕೂರುತ್ತೇನೆ. ಎದುರಿನವರ ಸಾಲನ್ನು ನಾನೇ ಹೇಳಿಕೊಂಡರೆ ಅದು ಡಮಾಮಿಯಾಗುವುದಿಲ್ಲ.