ಒಂಬತ್ತು ಗಂಟೆಯ ದನಿ

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಸರ್ವಮಂಗಳ ಎರಡು ಕೆಲಸಕ್ಕೆ ಹೆಸರಾದವಳು. ಒಂದು ರೇಷ್ಮೆ ಸೀರೆ, ಇನ್ನೊಂದು ವೈಫೈ. ಮೂರು ಮನೆಗೆ ನೆಟ್ ಹಂಚುವ ರೂಟರ್ ಅವಳ ಮಗ್ಗದ ಕೋಣೆಯ ಗೂಡಿನಲ್ಲಿತ್ತು. ಯಾರ ಫೋನಿನಲ್ಲಿ ಚಕ್ರ ತಿರುಗತೊಡಗಿದರೂ "ಮಂಗಳಕ್ಕ, ಹೋಯ್ತು ನೋಡು" ಎಂಬ ಕೂಗು ಬರುತ್ತಿತ್ತು, ಗಾಳಿಗೆ ಕಂಬ ಬಿದ್ದದ್ದೂ ಅವಳದೇ ತಪ್ಪೆಂಬಂತೆ.

ಈ ವಿದ್ಯೆ ಕಲಿಸಿದವನು ಗಂಡ ಚೌಡೇಶ್. ಚಳ್ಳಕೆರೆಯ ಗುಜರಿಯಿಂದ ಹಳೆ ರೂಟರ್ ತಂದು, ಕಂಪನಿಯ ತಂತ್ರಾಂಶ ಕಿತ್ತುಹಾಕಿ, ಬಿಟ್ಟಿ ಸಿಗುವ ಬೇರೊಂದನ್ನು ತುಂಬಿದ್ದ. ಅದರ ಮೇಲೆ ಬೇಕುಬೇಕಾದ ಪ್ಯಾಕೇಜುಗಳನ್ನು, ಅಂದರೆ ಒಂದೊಂದು ಕೆಲಸದ ಪುಟ್ಟ ತಂತ್ರಾಂಶಗಳನ್ನು, ಸೇರಿಸಿಕೊಳ್ಳಬಹುದಿತ್ತು. "ಕರೆಂಟ್ ಹೋಗಿ ಬಂದ್ರೆ ಇದಕ್ಕೆ ಪ್ಯಾಕೇಜಿನ ಪಟ್ಟಿ ಮರ್ತೋಗ್ತೈತೆ ಕಣೇ. ಮೊದ್ಲು ಅಪ್‌ಡೇಟ್ ಒತ್ತು, ಆಮೇಲೆ ಇನ್‌ಸ್ಟಾಲ್" ಎಂದು ಅವಳ ಕೈಯಲ್ಲೇ ಮಾಡಿಸುತ್ತಿದ್ದ.

ಅವನು ಸೇರಿಸಿದ್ದರಲ್ಲಿ ಹಾಡು ನುಡಿಸುವ ಪ್ಯಾಕೇಜೂ ಒಂದು. ರೂಟರಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ, ಹಾಡಿನ ಬದಲು ತನ್ನ ದನಿಯನ್ನೇ ಒಳಗಿಟ್ಟಿದ್ದ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅದು ತಾಯಿ-ಮಗ ಆಡುವ ತೆಲುಗಿನಲ್ಲಿ "ಅಮ್ಮಾ, ಮಾತ್ರ ವೇಸುಕೋ" ಎಂದು, ಮಾತ್ರೆ ತಗೋ ಎಂದು, ಕರೆಯುತ್ತಿತ್ತು. ಬಿಪಿ ಮಾತ್ರೆ ಮರೆಯುವ ತಾಯಿ ಚಿತ್ತಮ್ಮನಿಗಾಗಿ ಮಾಡಿದ ಏರ್ಪಾಡು. ಚೌಡೇಶ್ ರಾಯದುರ್ಗದ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಎರಡು ವರ್ಷವಾಯಿತು. ಫೋನೂ ಅಲ್ಲೇ ಪುಡಿಯಾಯಿತು. ದನಿ ಮಾತ್ರ ಗೂಡಿನಲ್ಲಿ ಉಳಿಯಿತು.

ಒಂಬತ್ತಾದರೆ ಸರ್ವಮಂಗಳಳ ಕೈಯಲ್ಲಿ ಲಾಳಿ ನಿಲ್ಲುತ್ತಿತ್ತು. ಸತ್ತವನು ಕರೆಯುತ್ತಿದ್ದ. ರಾಟೆಯ ಮುಂದೆ ಕೂತ ಚಿತ್ತಮ್ಮ "ವೇಸ್ಕುಂಟಾ ಲೇರಾ", ತಗೊಳ್ತೀನಿ ಬಿಡೋ, ಎಂದು ಓಗೊಟ್ಟು ಮಾತ್ರೆ ನುಂಗುತ್ತಿದ್ದಳು. ಸೊಸೆ ಹೇಳಿದರೆ ನುಂಗುವ ಮುದುಕಿಯಲ್ಲ. ಸರ್ವಮಂಗಳಳಿಗೆ ಮೈ ಜುಮ್ಮೆನ್ನುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ತನ್ನ ಹೆಸರು ಹಿಡಿದು ಕರೆದ ದನಿ ಒಂದೂ ಇರಲಿಲ್ಲವಲ್ಲ! ಆದರೂ ಆ ಮೂರು ಮಾತು ಕೇಳದ ದಿನವನ್ನು ನೆನೆದರೆ ಅವಳಿಗೆ ಭಯವಾಗುತ್ತಿತ್ತು.

ಈ ಸಲ ಮದುವೆ ಕಾಲಕ್ಕೆ ಗಿರಾಕಿಗಳು ವಿಡಿಯೊ ಕಾಲಿನಲ್ಲೇ ಸೀರೆ ನೋಡತೊಡಗಿದರು. ಸೆರಗು ಬಿಡಿಸುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಬಿಡುತ್ತಿತ್ತು. ಕಾಲ್‌ಗೆ ಮೊದಲು ದಾರಿ ಬಿಡುವ ಪ್ಯಾಕೇಜೊಂದರ ಹೆಸರು ಚೌಡೇಶನ ನೋಟ್‌ಬುಕ್ಕಿನಲ್ಲಿತ್ತು. ಹಾಕಹೋದರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಮೂಲ ತಂತ್ರಾಂಶ ಹಳೆಯದು, ಇದು ಹೊಂದುವುದಿಲ್ಲ ಎಂದಿತು ರೂಟರ್. ಮೂಲವನ್ನೇ ಹೊಸದು ಮಾಡಲು ಹೊರಟಳು. ಈಗಿರುವ ಸೆಟ್ಟಿಂಗ್ ಉಳಿಸಿಕೊಳ್ಳಬೇಕೇ ಎಂದು ಅದು ಕೇಳಿತು.

ಮಗ್ಗದಲ್ಲಿ ಹಾಸು ಮುಗಿದಾಗ ನೇಕಾರರು ಹಳೆ ಎಳೆಗಳ ತುದಿಯನ್ನು ಕೀಳುವುದಿಲ್ಲ. ಅವಕ್ಕೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಹಳೆಯದು ಕೈ ಹಿಡಿದರೇ ಹೊಸದು ಒಳಗೆ ಬರುವುದು. ಉಳಿಸು ಎಂದರೆ ಅವಳಿಗೆ ಗೊತ್ತಿದ್ದದ್ದು ಅದೇ. ನಿಶ್ಚಿಂತೆಯಿಂದ ಹೌದು ಎಂದು ಒತ್ತಿದಳು.

ಮಾರನೆಯ ದಿನ ಒಂಬತ್ತಾಯಿತು. ಗೂಡು ಸುಮ್ಮನಿತ್ತು.

"ಯಾಕೇ, ಕರೀಲಿಲ್ಲ?" ಎಂದಳು ಚಿತ್ತಮ್ಮ.

"ಕರೆಂಟ್ ಹೋಗಿತ್ತು ಅತ್ತಮ್ಮ."

ಸುಳ್ಳು ಹೇಳಿ ಬಂದು ನೋಟ್‌ಬುಕ್ ಹಿಡಿದು ಕೂತಳು. ಅಳಿದುಹೋಗಿದ್ದ ಹಾಡು ನುಡಿಸುವ ಪ್ಯಾಕೇಜನ್ನು ಮತ್ತೆ ಹಾಕಿದಳು. ಸ್ಪೀಕರ್ ಗರ್ ಎಂದಿತು, ದನಿ ಬರಲಿಲ್ಲ. ರೂಟರ್ ತನ್ನ ದಿನಚರಿ ಬರೆದಿಡುವ ಪುಟ ತೆರೆದು ನೋಡಿದಳು. ಉಳಿದದ್ದು ಸೆಟ್ಟಿಂಗ್ ಮಾತ್ರ. ಒಂಬತ್ತಕ್ಕೆ ಕರೆಯಬೇಕು ಎಂಬ ಅಪ್ಪಣೆ ಹಾಗೇ ಇತ್ತು, ಕರೆಯಬೇಕಾದ ದನಿ ಇರಲಿಲ್ಲ. ಅವತ್ತು ಒಂಬತ್ತಕ್ಕೆ ಒಂದು ಸಾಲು: ಫೈಲ್ ಇಲ್ಲ. ಮರುದಿನವೂ ಒಂಬತ್ತಕ್ಕೆ ಅದೇ ಸಾಲು.

ಚಿತ್ತಮ್ಮ ಮೂರು ದಿನ ಮಾತ್ರೆ ಮುಟ್ಟಲಿಲ್ಲ. ನಾಲ್ಕನೆಯ ದಿನ ತಲೆ ತಿರುಗಿ ರಾಟೆ ಹಿಡಿದುಕೊಂಡು ಕೂತಳು. ಇನ್ನು ಮುಚ್ಚಿಟ್ಟರೆ ಇವಳೂ ಕೈ ತಪ್ಪುತ್ತಾಳೆಂದು ಸರ್ವಮಂಗಳ ಎದುರಿಗೆ ಕುಕ್ಕರಿಸಿದಳು.

"ನಿಮ್ಮ ಮಗನ ದನಿ ನಾನೇ ಅಳಿಸಿಬಿಟ್ಟೆ ಅತ್ತಮ್ಮ. ಉಳೀತೈತೆ ಅಂದ್ಕೊಂಡಿದ್ದೆ."

"ಪೂರ್ತಿ ಹೋಯ್ತಾ?"

"ಒಂಬತ್ತು ಗಂಟೆ ಅನ್ನೋದೊಂದು ಉಳ್ಕೊಂಡೈತೆ. ದಿನಾ ಆ ಹೊತ್ತಿಗೆ ಅವರನ್ನ ಹುಡುಕ್ತೈತೆ, ಸಿಗಲ್ಲ. ಅದನ್ನೂ ತೆಗೆದುಬಿಡ್ತೀನಿ."

"ತೆಗೀಬ್ಯಾಡ," ಎಂದಳು ಮುದುಕಿ. "ಹುಡುಕ್ಲಿ ಬಿಡು. ಎರಡು ವರ್ಷದಿಂದ ನಾನೂ ಅದನ್ನೇ ಮಾಡ್ತಿದೀನಿ."

ಅಂಗೈ ಚಾಚಿದಳು. ಸರ್ವಮಂಗಳ ಮಾತ್ರೆ ಇಟ್ಟಳು, ನೀರು ಕೊಟ್ಟಳು. ಒಂಬತ್ತಕ್ಕೆ ಇನ್ನೂ ಎರಡು ನಿಮಿಷವಿತ್ತು. ಇಬ್ಬರೂ ಗೂಡಿನ ಕಡೆ ನೋಡದೆ ಕೂತಿದ್ದರು.