ಹಡಗು ಹತ್ತದ ಶಾಂತಕ್ಕಾರು

ಮೊದಲು ನನ್ನ ಕತ್ತೆತನವನ್ನು ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರು ಎತ್ತಿ ಆಡುವುದು ಬೇಡ. ಶಾಂತಕ್ಕಾರ ಧ್ವನಿಯನ್ನು ನಾನು ಕದ್ದೆ. ಕದ್ದ ಧ್ವನಿಯಲ್ಲಿ ಒಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ, ದಂಡೆ ಕಾಣದ ನೀರೆಂದರೆ ಉಸಿರು ಕಟ್ಟುವ ಒಬ್ಬ ಹೆಂಗಸು ಸಮುದ್ರದ ಹಡಗಿನ ಟಿಕೆಟ್ ತೆಗೆಸಿದರು.

ಕದಿಯಬೇಕು ಅನ್ನಿಸುವಂಥ ಧ್ವನಿಯೇ ಅದು. ಬೀಸುಕಲ್ಲಿಗೆ ಒಂದು ಹಿಡಿ ಜೋಳ ಸುರಿದಂತೆ ಗರಗರ ಎಂದು ಶುರುವಾಗುತ್ತಿತ್ತು. ಒಂದು ಕೆಮ್ಮು, ಸೆರಗಿನಿಂದ ಮೂಗಿಗೊಂದು ತಿಕ್ಕು, ಆಮೇಲೆ "ಹಾಂ, ಹೇಳ್ರಿ ತಾಯಿ." ಎದುರಿಗೆ ಮೀಸೆಯ ಗಂಡಸು ಕೂತಿದ್ದರೂ ತಾಯಿಯೇ. ನಮ್ಮ ಟ್ರಾವೆಲ್ಸ್ ಆಫೀಸು ಸಿಕಂದರಾಬಾದ್ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ, ಒಂದು ಇರಾನಿ ಚಹಾದಂಗಡಿಯ ಮೇಲಿತ್ತು. ಕಂಪ್ಯೂಟರ್ ಕಂಪನಿಗಳು ದಿನಕ್ಕೊಂದು ಏಳುತ್ತಿದ್ದ ಕಾಲ. ಹುಡುಗರಿಗೆ ಸಂಬಳದ ಜೊತೆಗೆ ರಜೆ ಎಂಬ ಹೊಸ ಕಾಯಿಲೆಯೂ ಅಂಟಿಕೊಂಡಿತ್ತು. ತಾವು ಹೋಗುವುದಲ್ಲದೆ ಅಪ್ಪ ಅಮ್ಮ, ಅತ್ತೆ ಮಾವ ಎಲ್ಲರನ್ನೂ ಪ್ರವಾಸದ ಹಡಗಿಗೆ ತುಂಬುತ್ತಿದ್ದರು. ಆ ಹಡಗುಗಳ ಟಿಕೆಟ್ ನೋಡುವ ಮೇಜು ಶಾಂತಕ್ಕಾರದು. ರಾಯಚೂರು ಕಡೆಯವರು, ಗಂಡ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಫೋರ್‌ಮನ್. ಇಳಕಲ್ ಸೀರೆ, ದಾರ ಕಟ್ಟಿದ ಕನ್ನಡಕ. ಹಡಗು ಹತ್ತುವುದಿರಲಿ, ಹುಸೇನ್ ಸಾಗರದ ದೋಣಿಗೂ ಕಾಲಿಟ್ಟವರಲ್ಲ.

ನಾನು ಅಲ್ಲಿ ಪಾಸ್‌ಪೋರ್ಟ್ ಹೊತ್ತು ಓಡಾಡುವ, ಫೋನೆತ್ತುವ, ಉಳಿದ ಹೊತ್ತಿನಲ್ಲಿ ಎಲ್ಲರನ್ನೂ ಅಣಕಿಸುವ ಇಪ್ಪತ್ತೆರಡರ ಪುಂಡ. ಮೀಸೆಯಲ್ಲಿ ಹನ್ನೊಂದು ಕೂದಲು, ಗಂಟಲಿನಲ್ಲಿ ಹದಿನೇಳು ಜನ. ಮಾಲೀಕರು, ರೈಲಿನ ಅನೌನ್ಸ್‌ಮೆಂಟಿನ ಹೆಂಗಸು, ಕೆಳಗಿನ ಚಹಾದವನು, ಎಲ್ಲರೂ ಬರುತ್ತಿದ್ದರು. ಶಾಂತಕ್ಕಾರು ನನ್ನನ್ನು ಕರೆಯುತ್ತಿದ್ದುದೇ "ಏ ನಕಲಿ" ಎಂದು.

ಅವರ ಕೆಲಸದ ರೀತಿಯೇ ಬೇರೆ. ಬಂದವರಿಗೆ ಹಡಗುಗಳ ಬಣ್ಣದ ಪುಸ್ತಕ ತೋರಿಸುವ ಮೊದಲು ಒಂದು ಪ್ರಶ್ನೆ: "ಬಸ್ಸಿನ್ಯಾಗ ಕಿಟಕಿ ಕಡೆ ಕುಂದರ್ತೀರೋ, ಮಂದಿ ಕಡೆ ಕುಂದರ್ತೀರೋ?" ಕಿಟಕಿಯವರಿಗೆ ನದಿಯ ಹಡಗು, ಮಂದಿಯವರಿಗೆ ಸಮುದ್ರದ ಹಡಗು. ಯಾಕೆ ಎಂದರೆ ವಿವರಣೆ ಸಿದ್ಧ:

"ಸಮುದ್ರದ ಹಡಗಂದ್ರ ಮದುವಿ ಛತ್ರ ಇದ್ದಂಗ್ರಿ. ಊಟ, ಹಾಡು, ಕುಣಿತ, ಡಾಕ್ಟರು ಎಲ್ಲಾ ಒಳಗ ಐತಿ. ಹೊರಗ ಏನೈತಿ ಅಂತ ಯಾರೂ ನೋಡೂದಿಲ್ಲ, ನೋಡಿದ್ರೂ ಬರೇ ನೀರು. ನದಿ ಹಡಗಂದ್ರ ಪ್ಯಾಸೆಂಜರ್ ಗಾಡಿ. ಎರಡೂ ಕಡೆ ಊರು, ತ್ವಾಟ, ಗುಡಿ ಗ್ವಾಪುರ. ದಿನಾ ಒಂದೊಂದು ಊರಾಗ ಇಳೀಬೇಕು, ನಡೀಬೇಕು. ಸಂಜಿಗೆ ಬ್ಯಾಸರಾತಂದ್ರ ಹ್ವಾಗಾಕ ಒಂದ ಒಂದು ಹಾಲ್."

ನದಿಯ ಪರ ವಹಿಸಿ ಮಾತಾಡುತ್ತಾರೆಂದು ಯಾರಾದರೂ ತಿಳಿದರೆ ಅದರ ಬಣ್ಣವನ್ನೂ ಬಿಡಿಸುತ್ತಿದ್ದರು. ನೀರು ಏರಿದರೆ ಹಡಗು ಸೇತುವೆಯ ಕೆಳಗೆ ತೂರುವುದಿಲ್ಲ, ಇಳಿದರೆ ತಳ ತಾಗುತ್ತದೆ. ಎರಡಕ್ಕೂ ನಿಮ್ಮನ್ನು ಬಸ್ಸಿಗೆ ತುಂಬಿ ಕಳಿಸುತ್ತಾರೆ, ಹಡಗಿಗೆಂದು ಹೋಗಿ ಬಸ್ಸು ಕಾಯ್ದು ಬರಬೇಕು. ಇದೆಲ್ಲ ಅವರಿಗೆ ಗೊತ್ತಾದದ್ದು ಹೋಗಿ ಬಂದವರಿಂದ. ಯಾರೇ ವಾಪಸು ಬರಲಿ, ಎದುರಿಗೆ ಕೂರಿಸಿಕೊಂಡು ಒಂದು ತಾಸು ಬಿಡುತ್ತಿರಲಿಲ್ಲ. ಹಾಸಿಗೆ ಹೇಗಿತ್ತು, ಹೊಟ್ಟೆ ತೊಳಸಿತೇ, ಮೊಸರು ಸಿಕ್ಕಿತೇ? ಮಾಲೀಕರು ಹಣೆ ಚಚ್ಚಿಕೊಂಡು "ಅರೇ ಶಾಂತಾಬಾಯಿ, ಟಿಕೆಟ್ ಬೇಚೋ ಅಮ್ಮಾ, ರಿಷ್ತಾ ನಕೋ ಕರಾವೊ" ಎನ್ನುತ್ತಿದ್ದರು, ಟಿಕೆಟ್ ಮಾರಮ್ಮಾ, ಹೆಣ್ಣು ಗಂಡಿನ ಸಂಬಂಧ ಕುದುರಿಸಬೇಡ ಎಂದು.

ಒಮ್ಮೆ ಸಾಫ್ಟ್‌ವೇರ್ ಹುಡುಗನೊಬ್ಬ ಅಪ್ಪನಿಗೆ ನದಿಯೇ ಬೇಕೆಂದು ಹಟ ಹಿಡಿದ. "ನಾನ್ನಗಾರು ವಯಸ್ಸಾದವರು, ಶಾಂತವಾಗಿರಬೇಕು" ಎಂದು ತೆಲುಗು ಬೆರೆಸಿ ವಾದಿಸಿದ. ಶಾಂತಕ್ಕಾರು ಅಪ್ಪನನ್ನೇ ಕರೆದುಕೊಂಡು ಬಾ ಎಂದರು. ಮುದುಕ ಬಂದ. ಶಾಂತಕ್ಕಾರು ಬೇಕೆಂದೇ ಫೋನ್ ಹಿಡಿದು ಕೂತು ಆತನನ್ನು ಹತ್ತು ನಿಮಿಷ ಕಾಯಿಸಿದರು. ಅಷ್ಟರಲ್ಲಿ ಆತ ನನ್ನ ಗೋತ್ರ ಕೇಳಿ, ಟಿಕೆಟ್ ಮಾಡುವ ರಜಿಯಾಳ ಮದುವೆಗೆ ಸಲಹೆ ಕೊಟ್ಟು, ಮಾಲೀಕರ ಸಕ್ಕರೆ ಕಾಯಿಲೆಗೆ ಮೆಂತ್ಯದ ಔಷಧಿ ಹೇಳಿಯಾಗಿತ್ತು. ಶಾಂತಕ್ಕಾರು ಹುಡುಗನ ಕಡೆ ತಿರುಗಿ, "ಈ ಪುಣ್ಯಾತ್ಮನ್ನ ನದಿಗೆ ಕಳಿಸಿದ್ರ ದಂಡಿ ಮ್ಯಾಲಿನ ಗಿಡದ ಕೂಡ ಮಾತಾಡ್ತಾನಪಾ. ಸಮುದ್ರಕ್ಕ ಹೆಸರು ಬರಸು" ಎಂದರು.

ಇಂಥವರ ಧ್ವನಿಯಲ್ಲಿ ನಾನು ಆಡಿದ್ದು ಹೀಗೆ. ಕೂಕಟ್‌ಪಲ್ಲಿಯಿಂದ ಶ್ರೀನಿವಾಸರಾಯರು, ಸರೋಜಮ್ಮ ಎಂಬ ದಂಪತಿ ನಾನು ಹೊರಗೆ ಹೋಗಿದ್ದಾಗ ಬಂದು ಹೋಗಿದ್ದರು, ಬಾಗಲಕೋಟೆ ಕಡೆಯವರು. ರಾಯರು ಆಗಷ್ಟೇ ನಿವೃತ್ತರು. ಅವರಿಗೆ ಸಮುದ್ರದ ಆಸೆ. ಆದರೆ ಆಕೆ ಒಪ್ಪಿದರೆ ಮಾತ್ರ. ಆಕೆ ಕಿಟಕಿಯವರು. ವಿಚಾರ ಮಾಡಿ ಫೋನ್ ಮಾಡುತ್ತೇನೆ ಎಂದಿದ್ದರಂತೆ. ಫೋನ್ ಬಂದ ಮಧ್ಯಾಹ್ನ ಶಾಂತಕ್ಕಾರು ಅಬಿಡ್ಸ್‌ನ ಅಂಚೆ ಕಚೇರಿಗೆ ಹೋಗಿದ್ದರು. ನಾನು ರಜಿಯಾಳ ಕಡೆ ಕಣ್ಣು ಹೊಡೆದು, ಕೆಮ್ಮಿ, ಮೂಗು ತಿಕ್ಕಿ, "ಹಾಂ, ಹೇಳ್ರಿ ತಾಯಿ" ಎಂದೆ. ರಜಿಯಾ ಬಾಯಿಗೆ ದುಪಟ್ಟಾ ತುರುಕಿಕೊಂಡಳು.

"ಅಕ್ಕಾರ, ಅವರಿಗೆ ಭಾಳ ಆಸೆ ಐತ್ರಿ. ನೀವ ಖರೇ ಹೇಳ್ರಿ, ಸಮುದ್ರದಾಗ ದಂಡಿ ಕಾಣ್ತೈತೇನ್ರಿ?"

ಅಲ್ಲಿಗೆ ಆಟ ಮುಗಿಸಬಹುದಿತ್ತು. ಆದರೆ ರಜಿಯಾ ಇನ್ನೂ ನಗುತ್ತಿದ್ದಳು. "ಕಾಣದೇನು ತಾಯಿ! ಒಂದು ಕಡೆರೆ ಕಾಣ್ತಿರ್ತೈತಿ. ಅಂಜಬ್ಯಾಡ್ರಿ, ಹೋಗ್ರಿ" ಎಂದೆ. ಸಮುದ್ರವನ್ನು ನಾನೂ ನೋಡಿರಲಿಲ್ಲ.

ಮರುದಿನ ರಾಯರು ಒಬ್ಬರೇ ಬಂದು ಸಹಿ ಹಾಕಿದರು. "ಖರೇನ ಒಪ್ಯಾರೇನ್ರಿ?" ಎಂದು ಶಾಂತಕ್ಕಾರು ಎರಡು ಸಲ ಕೇಳಿದರು. "ಒಪ್ಯಾಳ್ರಿ, ನಿಮ್ಮ ಮಾತಿನಿಂದ ಧೈರ್ಯ ಬಂತಂತ" ಎಂದರು ರಾಯರು. ತಾವು ಮೊದಲ ದಿನ ಆಡಿದ ಮಾತೆಂದು ಶಾಂತಕ್ಕಾರು ತಿಳಿದರು. ನಾನು ಒಂದು ಬಣ್ಣದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದೆ.

ಹಡಗು ಹೊರಡುವ ದಿನ ಬೆಳಿಗ್ಗೆ ಸಿಂಗಾಪುರದ ಬಂದರಿನಿಂದ ಫೋನ್ ಬಂತು. ಎತ್ತಿದವರು ಶಾಂತಕ್ಕಾರೇ.

"ಹಾಂ, ಹೇಳ್ರಿ ತಾಯಿ... ಏನಂದ್ರಿ?... ನಾನಾ?... ದಂಡಿ ಕಾಣ್ತೈತಿ ಅಂತ ನಾ ಹೇಳಿದ್ನಾ?"

ಅವರ ಕಣ್ಣು ಆಫೀಸನ್ನೆಲ್ಲ ಸುತ್ತಿ ನನ್ನ ಮೇಲೆ ನಿಂತಿತು. ಆ ನೋಟವೊಂದನ್ನು ನಾನು ಇವತ್ತಿಗೂ ಅಣಕಿಸಿಲ್ಲ.

"ತಾಯಿ, ಕೇಳ್ರಿಲ್ಲಿ. ನಾ ತಪ್ಪು ಹೇಳೀನಿ. ಎರಡನೇ ದಿನ, ಮೂರನೇ ದಿನ ಯಾ ಕಡೆನೂ ದಂಡಿ ಕಾಣೂದಿಲ್ಲ. ಹತ್ತೂದು ಬಿಡೂದು ನಿಮ್ಮ ಕೈಯಾಗೈತಿ. ಬ್ಯಾಡನಿಸಿದ್ರ ಅಲ್ಲೇ ಕುಂದರ್ರಿ, ಮುಂದಿಂದು ನಾ ನೋಡ್ಕೊಂತೀನಿ. ಹಲೋ... ತಾಯಿ?"

ಲೈನ್ ಕಟ್ಟಾಗಿತ್ತು. ರಾಯರ ಹೈದರಾಬಾದಿನ ಮೊಬೈಲು ಅಲ್ಲಿ ಸತ್ತಂತೆಯೇ. ಶಾಂತಕ್ಕಾರು ರಿಸೀವರನ್ನು ನಿಧಾನವಾಗಿ ಇಟ್ಟು, ನನ್ನ ಕಡೆ ನೋಡದೆಯೇ ಹೇಳಿದರು: "ಸಣ್ಣಾಕಿ ಇದ್ದಾಗ ಆಕಿ ಅವ್ವನ ಕೂಡ ಹರಿಗೋಲಿನಾಗ ಕೃಷ್ಣಾ ದಾಟಾಕತ್ತಿದ್ಲಂತ. ನಡು ನೀರಾಗ ಮಳಿ ಹಿಡೀತು. ಎರಡೂ ದಂಡಿ ಕಾಣವಲ್ದು. ಅವತ್ತಿಂದ ದಂಡಿ ಕಾಣ್ಲಿಲ್ಲಂದ್ರ ಆಕಿಗೆ ಉಸಿರು ಬರೂದಿಲ್ಲ."

ಅಷ್ಟೇ. ಬೈಯಲಿಲ್ಲ.

ಆಕೆ ಹತ್ತಿದರೋ, ಬಂದರಿನಲ್ಲೇ ಕೂತರೋ? ಹಡಗಿನ ಕಂಪನಿಗೆ ಇಮೇಲ್ ಹಾಕಿದರೆ "ನಿಮ್ಮ ಪತ್ರ ತಲುಪಿದೆ, ಧನ್ಯವಾದ" ಎಂಬ ಉತ್ತರ ಬಂತು. ಮತ್ತೆ ಹಾಕಿದೆವು. ಅದಕ್ಕೂ ಧನ್ಯವಾದ. ಐದು ದಿನ ಫೋನ್ ರಿಂಗಾದಾಗಲೆಲ್ಲ ಶಾಂತಕ್ಕಾರ ಕೈ ಮೊದಲು ಗಾಳಿಯಲ್ಲಿ ನಿಲ್ಲುತ್ತಿತ್ತು, ಆಮೇಲೆ ಎತ್ತುತ್ತಿತ್ತು. ತಂದಿಟ್ಟ ಚಹಾ ಕೆನೆಗಟ್ಟುತ್ತಿತ್ತು. ಬಂದವರನ್ನು ಕಿಟಕಿಯೋ ಮಂದಿಯೋ ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಮರೆಯುತ್ತಿದ್ದರು. ಎರಡನೇ ದಿನ ಗೋಡೆಯ ನಕ್ಷೆಯ ಮುಂದೆ ನಿಂತು, ಬರೀ ನೀಲಿ ಇದ್ದ ಕಡೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ನನಗೆ ಎಲ್ಲಿ ನೋಡಿದರೂ ಬಾಯಿ ತೆರೆದು ಉಸಿರಿಗೆ ಒದ್ದಾಡುವ, ನಾನು ಮುಖವನ್ನೇ ನೋಡದ ಒಬ್ಬ ಹೆಂಗಸು. ತಪ್ಪಾಯಿತು ಎನ್ನುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಮಾಲೀಕರ ಧ್ವನಿಯಲ್ಲಿ ಬಂತು, ರೈಲಿನ ಹೆಂಗಸಿನ ಧ್ವನಿಯಲ್ಲಿ ಮೂರು ಭಾಷೆಗಳಲ್ಲಿ ಬಂತು. ನನ್ನದರಲ್ಲಿ ಬರಲಿಲ್ಲ.

ಆರನೆಯ ದಿನವೂ ಸುದ್ದಿ ಇಲ್ಲ. ಏಳನೆಯ ದಿನ ಮೆಟ್ಟಿಲಿನ ಮೇಲೆ ರಾಯರ ಕೆಮ್ಮು ಕೇಳಿತು. ಒಂದೇ ಜೊತೆ ಚಪ್ಪಲಿಯ ಸದ್ದು. ಶಾಂತಕ್ಕಾರು ಮೇಜು ಹಿಡಿದು ಎದ್ದು ನಿಂತರು. ರಾಯರು ಒಳಗೆ ಬಂದರು. ಅವರ ಹಿಂದೆ, ಮೆತ್ತನೆಯ ಹೊಸ ಬೂಟು ಹಾಕಿಕೊಂಡು ಸದ್ದಿಲ್ಲದೆ ಸರೋಜಮ್ಮ ಬಂದರು. ಮುಖ ಬತ್ತಿತ್ತು. ಶಾಂತಕ್ಕಾರು ಕುರ್ಚಿ ಕೊಡುವುದನ್ನೂ ಮರೆತು ಆಕೆಯ ಎರಡೂ ಕೈ ಹಿಡಿದುಕೊಂಡರು.

"ಹತ್ತಿದೆನ್ರಿ ಅಕ್ಕಾರ" ಎಂದರು ಸರೋಜಮ್ಮ. "ಇವರ ಮುಖ ನೋಡಿ ಹತ್ತಿದೆ. ಎರಡು ದಿನ ಗ್ವಾಡಿ ಕಡೆ ಮುಖ ಮಾಡಿ ಕುಂತೆ. ಊಟ ಅಂದ್ರ ಊಟರಿ ಅಲ್ಲಿ, ನನಗೊಂದು ತುತ್ತು ಇಳೀಲಿಲ್ಲ. ನನ್ನ ಪಾಲೂ ಇವರ ಉಂಡ್ರು. ಆದ್ರ ದಂಡಿ ಇಲ್ಲಂತ ನೀವು ಹೇಳಿದ್ರೆಲ್ಲ, ನಾ ಹುಡುಕಲಿಲ್ಲ ನೋಡ್ರಿ. ಹುಡುಕಿದ್ರ ಸಾಯ್ತಿದ್ದೆ."

ರಾಯರಿಗೆ ಸಿಟ್ಟು ಇಳಿದಿರಲಿಲ್ಲ. "ಅಲ್ರಿ ಅಕ್ಕಾರ, ಮೊದಲ ಯಾಕ ಸುಳ್ಳು ಹೇಳಿದ್ರಿ? ನಿಮ್ಮಂಥಾವರು?"

ಈಗ ನಾನು ಮಾತಾಡಬೇಕಿತ್ತು. ಹದಿನೇಳು ಜನರಲ್ಲಿ ಒಬ್ಬನೂ ಗಂಟಲಿನಿಂದ ಹೊರಗೆ ಬರಲಿಲ್ಲ. ಶಾಂತಕ್ಕಾರು ಕೈ ಮುಗಿದು "ತಪ್ಪಾತ್ರಿ" ಎಂದರು. ನಾನು "ಚಾ ತರ್ತೀನ್ರಿ" ಎಂದು ಮೆಟ್ಟಿಲಿಳಿದು ಓಡಿದೆ.

ಆಮೇಲೂ ಅವರು ಬೈಯಲಿಲ್ಲ. ಏ ನಕಲಿ ಎಂದು ಕರೆಯುವುದನ್ನೂ ಬಿಡಲಿಲ್ಲ. ಅದೇ ನನ್ನನ್ನು ಒಳಗೊಳಗೇ ತಿಂದಿತು. ಇವತ್ತು ಬೈಯುತ್ತಾರೆ, ನಾಳೆ ಬೈಯುತ್ತಾರೆ ಎಂದು ನಾಲ್ಕು ತಿಂಗಳು ಕಾದೆ. ಅಷ್ಟರಲ್ಲಿ ಅವರ ಗಂಡನಿಗೆ ಬೇರೆ ಊರಿನ ಕಾರ್ಖಾನೆಗೆ ವರ್ಗವಾಯಿತು. ಅವರು ಹೋದಮೇಲೆ ಆ ಮೇಜಿಗೆ ಯಾರೂ ಬರಲಿಲ್ಲ. ಜನ ತಮ್ಮ ಹಡಗನ್ನು ತಾವೇ ಕಂಪ್ಯೂಟರಿನಲ್ಲಿ ಆರಿಸಿಕೊಳ್ಳತೊಡಗಿದರು. ಶಾಂತಕ್ಕಾರನ್ನು ನಾನು ಮತ್ತೆ ನೋಡಿಲ್ಲ.

ಕೊನೆಯ ದಿನ ಅವರ ಚೀಲಗಳನ್ನು ಆಟೋಕ್ಕೆ ಹೊತ್ತು ತಂದವನು ನಾನೇ. ಅವರು ಹತ್ತಿ ಕೂತರು. ನನಗೆ ಇನ್ನು ತಡೆಯಲಾಗಲಿಲ್ಲ.

"ಅಕ್ಕಾರ, ಒಮ್ಮೆ ಬೈದುಬಿಡ್ರಿ. ಇನ್ನ ಮ್ಯಾಲ ನಿಮ್ಮ ಧ್ವನಿ ತಗಿಯೂದಿಲ್ಲರಿ, ಆಣಿ ಮಾಡ್ತೀನಿ."

ಅವರು ಸೆರಗಿನಿಂದ ಮೂಗು ತಿಕ್ಕಿಕೊಂಡರು.

"ಯಾಕ ತಗೀಬಾರ್ದು? ತಗಿ. ಎರಡು ವರ್ಷ ನನ್ನ ಕೆಮ್ಮು ತಗದಿ, ನನ್ನ ಸೀನು ತಗದಿ. 'ನನಗ ಗೊತ್ತಿಲ್ರಿ, ಕೇಳಿ ಹೇಳ್ತೀನಿ' ಅಂತ ದಿನಕ್ಕ ಹತ್ತು ಸಲ ಅಂತಿದ್ನೆಲ್ಲ, ಅದನ್ನ ಒಮ್ಮೆರೆ ತಗದೀಯೇನು?"