ನಡೆಯಲಾರದ ಹತ್ತು ಕುರಿ

ನನಗೆ ಕೂತಲ್ಲಿ ಕೂರುವ ಅಭ್ಯಾಸವೇ ಇಲ್ಲ. ಸಿಂದಗಿ ಕಡೆಯ ತವರಿನಲ್ಲಿ ಹಿಂಡಿನ ಹಿಂದೆ ನಡೆದೇ ದೊಡ್ಡವಳಾದವಳು. ಎಪ್ಪತ್ತರ ದಶಕದ ನಡುವೆ ಇಂಡಿ ತಾಲೂಕಿನ ಕುರಿಗಾರರ ಮನೆಗೆ ಸೊಸೆಯಾಗಿ ಬಂದೆ. ಸಂಕ್ರಾಂತಿ ಮುಗಿದದ್ದೇ ಮನೆಯವರೆಲ್ಲ ಹಿಂಡು ಹೊಡೆದುಕೊಂಡು ಮುದ್ದೇಬಿಹಾಳದ ಕಡೆಗೆ, ಹೊಳೆದಂಡೆಗೆ ಹೊರಟರು. ನನ್ನನ್ನೂ ಗಂಡನ ಅಜ್ಜಿಯನ್ನೂ ಮನೆಯಲ್ಲಿ ಬಿಟ್ಟರು. ಜೊತೆಗೆ ನಡೆಯಲಾರದ ಹತ್ತು ಬಡಕಲು ಕುರಿ.

"ನಾವು ಬರೂದ್ರಾಗ ಇವನ್ನ ನಡಿಯೂವಂಗ ಮಾಡು. ಬರೂ ವರ್ಸ ನೀನೂ ಬರುವಂತಿ," ಎಂದರು ಮಾವ.

ಅಷ್ಟು ಸಾಕಾಯಿತು. ತೊಗರಿ ಬಡಿಯುವ ಕಣಗಳಿಗೆ ಹೋಗಿ, ಒಂದು ಬುಟ್ಟಿ ಕುರಿಗೊಬ್ಬರ ಕೊಟ್ಟು ಒಂದು ಬುಟ್ಟಿ ಹೊಟ್ಟು ತಂದೆ. ಆದರೆ ಹೊಟ್ಟು ತಿಂದು ಮೈ ಬರುವುದನ್ನು ಕಾಯುವ ತಾಳ್ಮೆ ನನಗೆಲ್ಲಿತ್ತು? ಬೇಗ ಕಸುವು ಬರಲಿ ಎಂದು ಒಂದು ದಿನ ಬೋಗುಣಿ ತುಂಬ ಜೋಳ ಸುರಿದೆ. ಮುಂದೆ ನಿಂತ ಕುರಿಯೇ ಮುಕ್ಕಾಲು ತಿಂದಿತು. ಮರುದಿನ ಹೊಟ್ಟೆ ಉಬ್ಬಿ ಸತ್ತಿತು. ಅಜ್ಜಿ ಬೈಯಲಿಲ್ಲ, ಕಾಳು ಒಂದು ಹಿಡಿಯಷ್ಟೇ, ಅದೂ ಹೊಟ್ಟಿನಲ್ಲಿ ಬೆರೆಸಿ, ದಿನ ದಿನಕ್ಕೆ ಚೂರು ಹೆಚ್ಚಿಸಬೇಕೆಂದು ಹೇಳಿಕೊಟ್ಟಳು. ನನ್ನ ಅವಸರಕ್ಕೆ ನಾನೇ ಶಾಪ ಹಾಕಿಕೊಂಡೆ.

ಬೇಸಿಗೆಯಲ್ಲಿ ಜಾಲಿಕಾಯಿ ಉದುರಿದವು. ಬುಟ್ಟಿಗಟ್ಟಲೆ ಆರಿಸಿ ತಂದು ಹಾಕಿದೆ. ನೋಡಿದರೆ ಬೀಜಗಳೆಲ್ಲ ಹಿಕ್ಕೆಯಲ್ಲಿ ಇಡಿಯಾಗಿಯೇ ಹೊರಬೀಳುತ್ತಿದ್ದವು. ಒರಳಿಗೆ ಹಾಕಿ ಕುಟ್ಟತೊಡಗಿದೆ. ಕುರಿಗೆ ಬಾಣಂತಿಯ ಉಪಚಾರ ನಡೆದಿದೆ ಎಂದು ಓಣಿಯ ಹೆಂಗಸರು ನಕ್ಕರು. ನಗಲಿ ಬಿಡಿ. ಕುಟ್ಟುವಾಗಲೂ ನನ್ನ ಕಿವಿ ದಾರಿಯ ಕಡೆಗೇ. ದಿನಕ್ಕೆ ನಾಲ್ಕು ಸಲ ಊರ ಹೊರಗಿನ ದಿಬ್ಬ ಹತ್ತಿ, ಧೂಳೇನಾದರೂ ಎದ್ದಿದೆಯೇ ಎಂದು ನೋಡಿ ಬರುತ್ತಿದ್ದೆ.

ಮೊದಲ ಮಳೆ ಬಿದ್ದ ಮೇಲೆ ಹಿಂಡು ಬಂತು. ದಾರಿಯಲ್ಲಿ ಸೊರಗಿತ್ತು. ಮಾವ ಹೆಗಲ ಕಂಬಳಿ ಕೂಡ ಇಳಿಸದೆ ನನ್ನ ಒಂಬತ್ತು ಕುರಿಗಳ ನಡು ಒತ್ತಿ ನೋಡಿದರು. ಬೆನ್ನೆಲುಬು ಕೈಗೆ ಸಿಗದಷ್ಟು ಮೈ ತುಂಬಿತ್ತು. ಮತ್ತೊಮ್ಮೆ ಒತ್ತಿ ನೋಡಿ ನಕ್ಕರು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

"ಬರೂ ವರ್ಸ ನಲವತ್ತು ಬಿಟ್ಟು ಹೋಗ್ತೇನಿ, ಯವ್ವಾ. ಇಂಥಾ ಕೈ ಮನ್ಯಾಗ ಇರಬೇಕು."

"ನಾನೂ ಬರೂದಂತ ಮಾತಾಗಿತ್ತಲ್ರಿ, ಮಾವಾರ."

"ನಡಿಯಾಕ ಯಾರಾದ್ರೂ ನಡೀತಾರ," ಎಂದರು ಅವರು, ಮೆಚ್ಚುಗೆಯಿಂದಲೇ. ಗಂಡ ನನ್ನ ಮುಖ ನೋಡದೆ ಕತ್ತೆಯ ಮೇಲಿನ ಹೇರು ಇಳಿಸುತ್ತಿದ್ದ.

ಆ ಒಂಬತ್ತೂ ಸತ್ತಿದ್ದರೆ ಚೆನ್ನಾಗಿತ್ತು ಎಂದು ಅನಿಸಿತು. ಹಾಗೆ ಅನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಆದರೆ ಹೊತ್ತಾಗಿತ್ತು, ಅವು ಹಸಿದು ಕೂಗುತ್ತಿದ್ದವು. ಹೋಗಿ ಮೇವು ಹಾಕಿದೆ.